ತೊಳೆಯದ ಟ್ಯಾಂಕು

ಕುರುಗೋಡಿನ ಗಾದೆಪ್ಪ ಒಳ್ಳೆಯ ಮೆಕ್ಯಾನಿಕ್, ಕೆಟ್ಟ ಬಾಯಿ. ಎರಡು ಕಡೆ ರೆಕ್ಕೆ ಚಾಚಿ, ಟ್ರ್ಯಾಕ್ಟರ್ ಇಲ್ಲದೆ ತಾನೇ ಓಡುತ್ತಾ ಹೊಲಕ್ಕೆ ಔಷಧ ಸಿಂಪಡಿಸುವ ಭಾರಿ ಯಂತ್ರಗಳನ್ನು ಹದಿನೈದು ವರ್ಷದಿಂದ ರಿಪೇರಿ ಮಾಡುತ್ತಿದ್ದಾನೆ. ಅವನಿಗೆ ಬಿಡಿಭಾಗ ಮಾರುವ ನನಗೆ ಯಂತ್ರ ಕೆಟ್ಟಷ್ಟೂ ಸಂತೋಷ. ಅವನಿಗೆ ಮಾತ್ರ ಮಾಲೀಕರ ಮೇಲೆ ಸಿಟ್ಟು.

ಮೊನ್ನೆ ನಾನು ಹೋದಾಗ ಗಾದೆಪ್ಪ, ಬಾಡಿಗೆಗೆ ಔಷಧ ಹೊಡೆಯುವ ಗುರುಸ್ವಾಮಿಯ ಯಂತ್ರದ ಪಂಪು ರಿಪೇರಿಗೆ ಬಿಚ್ಚಿ, ಪೈಪು ಮೂಸುತ್ತಿದ್ದ. ಯಂತ್ರ ರಾರಾವಿಯ ಭತ್ತಕ್ಕೆ ಕಳೆನಾಶಕ ಹೊಡೆದು ಬಂದಿತ್ತು. ಮಧ್ಯಾಹ್ನ ಕೊಳಗಲ್ಲಿನ ಜಡೆಮ್ಮನ ಮೆಣಸಿನಕಾಯಿ ಗಿಡಕ್ಕೆ ಕೀಟನಾಶಕ ಹೊಡೆಯಬೇಕಿತ್ತು.

"ಟ್ಯಾಂಕು ತೊಳದೀಯೇನಲೇ?"

"ಕಾಲುವಿ ನೀರು ಒಂದು ಸುತ್ತು ಆಡಿಸೀನಿ, ಸಾಕು ಬಿಡು," ಎಂದ ಗುರುಸ್ವಾಮಿ.

"ಕಳಿ ಸುಡೋ ಎಣ್ಣಿ ಪೈಪಿನಾಗ ಹಂಗೇ ಐತಿ. ಆಕಿ ಗಿಡ ಸುಟ್ಟು ಹೊಕ್ಕಾವು. ಆಮ್ಯಾಲ ರೋಗ ಬಂದೈತಿ ಅಂತ ಆಕಿಗೇ ಹೇಳ್ತಿ."

"ನೀ ಪಂಪು ಕೂಡ್ಸು. ಪುರಾಣ ಬ್ಯಾಡ."

ಗಾದೆಪ್ಪ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಅವನ ದನಿ ತಗ್ಗಿತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಕೂಡಸ್ತೀನಿ. ದಾರ್ಯಾಗ ನಿನ್ನ ಮೆಣಸಿನ ಹೊಲ ಐತಲ್ಲ, ಮೊದಲು ಅದಕ್ಕ ಹೊಡಿ. ನೋಡಾಕ ನಾನೂ ಬರ್ತೀನಿ."

ಗುರುಸ್ವಾಮಿಗೆ ಪರರ ಗಿಡದ ಮೇಲಿದ್ದ ಧೈರ್ಯ ಸ್ವಂತ ಗಿಡದ ಹತ್ತಿರ ಬರಲಿಲ್ಲ. "ಟ್ಯಾಂಕು ತೊಳಿಯೋ ಸೋಡಾ ಪುಡಿ ಎಲ್ಲೈತಿ?" ಎಂದು ಗೊಣಗಿದ.

ಗಾದೆಪ್ಪ ಔಷಧ ಚಿಮ್ಮುವ ನಳಿಕೆಗಳನ್ನೆಲ್ಲ ಬಿಚ್ಚಿಸಿ, ಟ್ಯಾಂಕು, ಪೈಪು ಸಮೇತ ಮೂರು ಸಲ ತೊಳೆಸಿದ. ಅಷ್ಟರಲ್ಲಿ ಸಂಜೆಯಾಗಿತ್ತು. ಜಡೆಮ್ಮ ಫೋನ್ ಮಾಡಿ, ಯಂತ್ರ ಬರಲಿಲ್ಲವೆಂದು ಅವನನ್ನೇ ತರಾಟೆಗೆ ತೆಗೆದುಕೊಂಡಳು.

"ನಾಳಿ ಬರ್ತೈತಿ ಯಕ್ಕಾ," ಎಂದಷ್ಟೇ ಹೇಳಿ ಗಾದೆಪ್ಪ ಫೋನ್ ಇಟ್ಟ. ಮತ್ತೆ ಪೈಪು ಮೂಸಿ, ಗುರುಸ್ವಾಮಿಯತ್ತ ಎಸೆದ.

"ಇನ್ನೊಮ್ಮಿ ತೊಳಿ."