ಗರಸಿನ ಇಳಿಜಾರಿನಲ್ಲಿ ಕಾಕಾ

ಮೊನ್ನೆ ಸಾಂಗ್ಲಿಯ ವಿಶ್ರಾಮಬಾಗದಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯನ್ನು ಮತ್ತೊಮ್ಮೆ ಅಗೆದರು. ಅಗೆದಲ್ಲಿ ಖಡಿಯ ಪುಡಿ ಸುರಿದು, ಟ್ಯಾಂಕರಿನಿಂದ ನೀರು ಹೊಡೆದರು. ಬಿಸಿಲಿಗೆ ಕಾದ ಕಲ್ಲಿನ ಪುಡಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಹಸಿ ಮಣ್ಣಿನ ವಾಸನೆಯಂತೆ ಹಿತವಾದದ್ದಲ್ಲ, ಗಂಟಲಿಗೆ ಹತ್ತುವಂಥದ್ದು. ನಾನು ಗೇಟಿನ ಬಳಿ ನಿಂತು, ಈ ಧೂಳಿನಿಂದ ನನಗೆ ದಮ್ಮು ಬಂದೀತೇ ಎಂದು ಯೋಚಿಸುತ್ತಿದ್ದೆ. ಐವತ್ತರ ಹತ್ತಿರ ಬಂದ ನನಗೆ ಇಂಥ ಯೋಚನೆಗಳು ಬೆಳಗಿನ ಚಹಾದ ಜೊತೆಗೇ ಬರುತ್ತವೆ. ಆದರೆ ಆ ವಾಸನೆ ಮೂಗಿಗೇರಿದ್ದೇ ತಡ, ದಮ್ಮಿನ ಚಿಂತೆ ಸರಿದು ಪಕ್ಕದ ಮನೆಯ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಅವರು ಸಾಂಗ್ಲಿಯ ಪೇಟೆಯಲ್ಲಿ ಅರಿಷಿಣದ ವ್ಯಾಪಾರಿ. ಅಜ್ಜನ ಕಾಲಕ್ಕೆ ಕರ್ನಾಟಕದ ಕಡೆಯಿಂದ ಬಂದ ಮನೆತನ. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅರವತ್ತು ದಾಟಿದ ಮೇಲೆ ಅವರು ಅಂಗಡಿಯ ಓಡಾಟವನ್ನು ತಮ್ಮನಿಗೆ ಬಿಟ್ಟು ಒಂದು ಗ್ರ್ಯಾವೆಲ್ ಸೈಕಲ್ ತಂದರು. ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ದಪ್ಪ ಟೈರು, ಕಲ್ಲು ಗರಸಿನ ದಾರಿಯಲ್ಲಿ ಓಡಿಸಲೆಂದೇ ಮಾಡಿದ್ದು. ಹಣೆಯ ವಿಭೂತಿ ಅಳಿಸದ ಹಾಗೆ ಹೆಲ್ಮೆಟ್ಟನ್ನು ತುಸು ಹಿಂದಕ್ಕೆ ಸರಿಸಿ ಹಾಕಿಕೊಳ್ಳುತ್ತಿದ್ದರು. ಅದು ಸುರಕ್ಷಿತವಲ್ಲ ಎಂದು ನಾನು ಪ್ರತಿ ವಾರ ಹೇಳುತ್ತಿದ್ದೆ.

“ಈ ವಯಸ್ಸಿನ್ಯಾಗ ಮಂದಿ ಕಾಶಿಗೆ ಹೋಗ್ತಾರ. ಇವರು ಕಲ್ಲು ಒಡಿಯೋ ಖಡಿ ಮಷಿನ್ ನೋಡಾಕ ಹೋಗ್ತಾರ,” ಎಂದು ಅವರ ಹೆಂಡತಿ, ನಮ್ಮ ಕಾಕೂ, ಗೇಟು ತೆಗೆಯುತ್ತ ಗೊಣಗುತ್ತಿದ್ದರು.

ನನಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಕಾಕಾ ನನ್ನನ್ನೂ ಹೊರಡಿಸಿದರು. ರವಿವಾರ ಬೆಳಿಗ್ಗೆ ಮಿರಜ ದಾಟಿ, ದೊಡ್ಡ ರಸ್ತೆ ಬಿಟ್ಟು, ದ್ರಾಕ್ಷಿ ತೋಟಗಳ ನಡುವಿನ ಬಂಡಿದಾರಿ ಹಿಡಿದು, ದಂಡೋಬಾ ಗುಡ್ಡದ ಹಿಂಬದಿಯ ಗರಸಿನ ದಾರಿಯಲ್ಲಿ ಏರುತ್ತಿದ್ದೆವು. ನನ್ನ ಚೀಲದಲ್ಲಿ ಎರಡು ಟ್ಯೂಬು, ಬ್ಯಾಂಡೇಜು, ಗ್ಲೂಕೋಸು, ಹಾವು ಕಚ್ಚಿದರೆ ಏನು ಮಾಡಬೇಕು ಎಂಬ ಚೀಟಿ. ಅವರ ಜೇಬಿನಲ್ಲಿ ಒಂದು ಪೊಟ್ಟಣ ಭಡಂಗ, ಖಾರದ ಚುರುಮುರಿ.

ಆ ಭಡಂಗ ತಿನ್ನುತ್ತಲೇ ಒಂದು ದಿನ ಗುಡ್ಡದ ಮೇಲೆ ಹೇಳಿದರು.

“ನನಗ ಕಾಚಬಿಂದು ಆಗೇದಪಾ, ಗ್ಲಾಕೋಮಾ ಅಂತಾರಲ್ಲ ಅದು. ಕಣ್ಣು ಬಾಜೂದಿಂದ ಮುಗಿಲಿಕ್ಕ ಹತ್ಯಾವ. ಸೈಕಲ್ ಬಿಡ್ರಿ ಅಂದ್ರು ಡಾಕ್ಟರು.”

“ಮತ್ತ ಬಿಡ್ರಿ ಕಾಕಾ!”

“ಬಿಡ್ತೀನಿ. ಇವತ್ತಲ್ಲ.”

“ಬಾಜೂಕ ಕತ್ತಲಾಗತದೇನ್ರಿ?”

“ಕತ್ತಲಾದ್ರ ಗೊತ್ತರೆ ಆಗ್ತಿತ್ತು. ಹಂಗಲ್ಲದು. ಅಲ್ಲೇನೂ ಇಲ್ಲ ಅನಸ್ತದ, ಅಷ್ಟ.”

ಆಗ ನನಗೆ ಅರ್ಥವಾಯಿತು. ಪೇಟೆಗೆ ಹೋದಾಗ ಅವರು ಆಗಲೂ ಅರಿಷಿಣದ ಕೊಂಬು ಮುರಿದು ಒಳಗಿನ ಬಣ್ಣವನ್ನು ಸರಿಯಾಗಿಯೇ ಹೇಳುತ್ತಿದ್ದರು. ಅಂಗೈಯಲ್ಲಿದ್ದದ್ದು ಕಾಣುತ್ತಿತ್ತು, ಪಕ್ಕದಲ್ಲಿ ನಿಂತು ಕೈ ಮುಗಿದವರು ಕಾಣುತ್ತಿರಲಿಲ್ಲ. ಜನ ಇವರಿಗೆ ಸೊಕ್ಕು ಬಂದಿದೆ ಎಂದುಕೊಂಡಿದ್ದರು. ಹಾಗೆಯೇ ಅಂದುಕೊಳ್ಳಲಿ ಎಂದು ಕಾಕಾನೂ ಬಿಟ್ಟಿದ್ದರು.

“ಪೇಟ್ಯಾಗ ಗೊತ್ತಾದ್ರ ನಾಳಿಂದ ನನ್ನ ಕೈ ಹಿಡದ ನಡಸ್ತಾರ. ಈ ಇಳಿಜಾರೊಂದು ನಾನ ಇಳೀತೀನಿ. ಇದೊಂದು ಇರಲಿ,” ಎಂದರು. ಕಾಕೂಗೆ ಹೇಳಬಾರದು ಎಂದೂ ಹೇಳಿದರು. ಇಂಥ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಹುಳಿತೇಗು ಬರುತ್ತದೆ. ಬಂತು ಕೂಡ.

ಹೀಗೆ ನಾನು ಅವರ ಮುಂದಿನ ಸವಾರನಾದೆ. ಸೈಕಲ್ಲಿನವರಲ್ಲಿ ಒಂದು ರೂಢಿಯಿದೆ. ಮುಂದೆ ಹೋಗುವವನು ಗುಂಡಿ, ಕಲ್ಲು ಕಂಡರೆ ಹಿಂದಿನವರಿಗೆ ಕೈ ಮಾಡಿ ತೋರಿಸಬೇಕು. ಪಕ್ಕಕ್ಕೆ ಚಾಚಿದ ಕೈ ಕಾಕಾಗೆ ಕಾಣುವುದಿಲ್ಲ, ಹಾಗಾಗಿ ನಾನು ಕೂಗಬೇಕು. ಜೀವನದಲ್ಲಿ ನನ್ನ ಚಿಂತೆಗೆ ಸಿಕ್ಕ ಒಂದೇ ನೌಕರಿ ಅದು. ಸಿಕ್ಕದ್ದನ್ನೆಲ್ಲ ಕೂಗಿದೆ.

“ದಪ್ಪ ಖಡಿ ಅದರಿ! ಬಲಕ್ಕ ಕೊರಕಲು! ಮುಂದ ಬಾವಿ ಅದರಿ, ದೂರ ಅದ! ನಾಯಿ ಮಲಗೇದ್ರಿ!”

“ಏ ಮಾರಾಯಾ, ಮಲಗಿದ ನಾಯಿನ್ನ ಯಾಕ ಎಬ್ಬಸ್ತಿಯೋ? ಅದು ಎದ್ದು ಕಡದ್ರ ನಿನ್ನನ್ನ ಕಡೀತದ, ನೀ ಮುಂದಿದ್ದಿ!” ಎಂದು ಹಿಂದಿನಿಂದ ನಗುತ್ತಿದ್ದರು. ಅವರು ಮನಸ್ಸು ಬಿಟ್ಟು ನಗುತ್ತಿದ್ದದ್ದು ಆ ಇಳಿಜಾರಿನಲ್ಲಿ ಮಾತ್ರ.

ಒಂದು ಮಳೆಗಾಲ ಹೀಗೆ ದಾಟಿತು. ಮರುವರ್ಷದ ಮಳೆ ಮುಗಿಯುತ್ತ ಬಂದಾಗ ಅದು ನಡೆಯಿತು. ಇಳಿಯುವಾಗ ಒಂದು ಕುರಿಹಿಂಡು ಅಡ್ಡ ಬಂತು. ನಾನು ಕೂಗಿದೆ, ಇಬ್ಬರೂ ನಿಂತೆವು, ಹಿಂಡು ದಾಟಿತು. ಮತ್ತೆ ಹೊರಟೆವು. ನಾನು ಒಂದು ತಿರುವು ದಾಟಿದ್ದೆ. ನಮ್ಮಿಬ್ಬರ ನಡುವಿನ ಆ ಸಣ್ಣ ಅಂತರದಲ್ಲಿ, ಎಡಬದಿಯ ತಗ್ಗಿನಿಂದ, ಆಗತಾನೇ ಹುಟ್ಟಿದ ಮರಿಯನ್ನು ಎದೆಗವಚಿಕೊಂಡು ಕುರಿಯವಳು ದಾರಿಗೆ ಹತ್ತಿ ಬಂದಳು. ಕೂಗುವವನು ಮುಂದಿದ್ದರೆ ಅವನ ಬೆನ್ನ ಹಿಂದೆ ಬರುವುದನ್ನು ಯಾರು ನೋಡಬೇಕು? ಬಾವಿ, ನಾಯಿ, ಹಾವು ಎಲ್ಲವನ್ನೂ ಚಿಂತಿಸಿದ್ದ ನನಗೂ, ಎರಡು ಅರಿಷಿಣದ ಕೊಂಬು ನೋಡಿ ಇಡೀ ಚೀಲದ ಮಾಲು ಹೇಗಿದೆ ಎಂದು ಹೇಳುತ್ತಿದ್ದ ಅವರಿಗೂ ಇದು ಹೊಳೆದಿರಲಿಲ್ಲ.

ಸದ್ದು ಕೇಳಿ ತಿರುಗಿ ಓಡಿದೆ. ಹೆಂಗಸು ಗರಸಿನ ಮೇಲೆ ಬಿದ್ದಿದ್ದಳು. ಅವಳ ಮಣಿಕಟ್ಟು ಆಗಲೇ ಬಾತಿತ್ತು. ಮರಿ ಒಮ್ಮೆ ಕಾಲು ಒದರಿ ಸುಮ್ಮನಾಯಿತು. ಕಾಕಾ ಸೈಕಲ್ಲಿನ ಪಕ್ಕದಲ್ಲಿ ಕೂತು, ಯಾವುದಕ್ಕೆ ಹಾಯ್ದೆ ಎಂದು ಕತ್ತು ಹೊರಳಿಸಿ ಹೊರಳಿಸಿ ಹುಡುಕುತ್ತಿದ್ದರು.

“ಏ ಮುದ್ಯಾ! ಕಣ್ಣ ಕಾಣಸಂಗಿಲ್ಲೇನ ನಿನಗ?” ಎಂದು ಅವಳು ಚೀರಿದಳು.

ದನಿ ಬಂದ ಕಡೆ ಮುಖ ತಿರುಗಿಸಿ ಅವರು ಹೇಳಿದರು: “ಇಲ್ಲವ್ವಾ. ಕಾಣಸಂಗಿಲ್ಲ.”

ಬೈಯಲು ಬಾಯಿ ತೆರೆದಿದ್ದ ಅವಳು ಬಾತಿರದ ಕೈಯಿಂದ ಮರಿಯನ್ನು ಮಡಿಲಿಗೆ ಎಳೆದುಕೊಂಡಳು...

ದ್ರಾಕ್ಷಿ ತೋಟದವರ ಟೆಂಪೋದಲ್ಲಿ ಅವಳನ್ನು ಮಿರಜದ ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ಕಾಕಾ ಒಂದೇ ಮಾತು ಆಡಿದ್ದು: “ನಿಂದೇನ ತಪ್ಪಿಲ್ಲಪಾ. ನನಗ ಬಾಜೂನ ಉಳದಿಲ್ಲ.” ಮನೆಗೆ ಹೋಗಿ ತಾವಾಗಿಯೇ ಎಲ್ಲ ಹೇಳಿದರು. ಕಾಕೂ ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನಿನಗ ಗೊತ್ತಿತ್ತು, ಹೌದಲ್ಲೋ? ನನ್ನ ಕೈಯಾಗ ಚಹಾ ಕುಡದ ಹೋಗ್ತಿದ್ದಿ,” ಎಂದರು. ಆಮೇಲೆ ಬಹಳ ಕಾಲ ಆ ಮನೆಯಲ್ಲಿ ನನಗೆ ಚಹಾ ಸಿಗಲಿಲ್ಲ. ಅದು ನ್ಯಾಯವೇ.

ಸೈಕಲ್ಲನ್ನು ಯಾರೋ ಒಯ್ದರು. ಕಾಕಾನ ಕಣ್ಣು ಮುಚ್ಚುತ್ತ ಹೋಯಿತು. ಅಂಗೈಯಲ್ಲಿನ ಕೊಂಬಿನ ಬಣ್ಣವೂ ಕೊನೆಗೆ ಹೋಯಿತು. ನಾನು ರವಿವಾರ ಒಬ್ಬನೇ ಗುಡ್ಡಕ್ಕೆ ಹೋಗಿ ಬಂದು ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆ. ಅವರು ಮೊದಲು ಕೇಳುತ್ತಿದ್ದದ್ದು ಕುರಿಯವಳ ಕೈಯ ವಿಚಾರ. ಅದು ಸೊಟ್ಟಗೆ ಕೂಡಿತ್ತು. ಈಯುವ ಕುರಿಯನ್ನು ಹಿಡಿಯಲು ಅವಳು ಈಗ ಇನ್ನೊಬ್ಬರನ್ನು ಕರೆಯಬೇಕಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕಲ್ಲ ಎಂಬ ಚಿಂತೆ. ಇದ್ದದ್ದನ್ನೇ ಹೇಳಿದೆ.

ಆಮೇಲೆ ದಾರಿಯ ವಿಚಾರ. “ತಿರುವಿನ್ಯಾಗ ಗರಸು ಸಡಲ ಆಗೇದೇನು? ಕೊರಕಲು ಎಲ್ಲೀತನಕ ಬಂತು?” ನಾನು ಹೇಳುತ್ತ ಹೋದಂತೆ ಅವರ ಕೈಬೆರಳುಗಳು ಬ್ರೇಕು ಹಿಡಿದಂತೆ ಮಡಚಿಕೊಳ್ಳುತ್ತಿದ್ದವು. ಒಂದು ರವಿವಾರ ಹೋಗಿ ನೋಡಿದರೆ ಆ ಇಳಿಜಾರಿಗೆ ಡಾಂಬರು ಬಿದ್ದಿತ್ತು. ಅದನ್ನೂ ಹೇಳಿದೆ.

ಅವರು ಮಡಚಿದ ಬೆರಳುಗಳನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು. “ಚಲೋ ಆತು. ಆಕೀಗಿ ನಡ್ಯಾಕ ಸಸಾರ ಆತು,” ಎಂದರು. ಅದಾದ ಮೇಲೆ ದಾರಿಯ ಬಗ್ಗೆ ಅವರು ಎಂದೂ ಕೇಳಲಿಲ್ಲ. ನಾನು ಹೋದರೆ ಹೂಂ ಎನ್ನುತ್ತಿದ್ದರು, ಹೊರಟರೆ ಹೂಂ ಎನ್ನುತ್ತಿದ್ದರು. ಅದೇ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿದ್ದು ನೆಪವಾಗಿ ಕಾಕಾ ಹೋಗಿಬಿಟ್ಟರು. ವಿಭೂತಿ ಹಚ್ಚಿ ಕೂರಿಸಿದಾಗ ಅವರ ಕತ್ತು ತುಸು ಎಡಕ್ಕೆ ವಾಲಿತ್ತು. ಯಾರೋ ಅದನ್ನು ನೆಟ್ಟಗೆ ಮಾಡಿದರು...

ಈಗ ವರ್ಷಕ್ಕೊಮ್ಮೆ ನಾನೂ ಮಿರಜಕ್ಕೆ ಹೋಗಿ ಕಣ್ಣು ತೋರಿಸುತ್ತೇನೆ. ಈ ವರ್ಷದ್ದಕ್ಕೆ ಈ ವಾರ ಹೋಗಿದ್ದೆ. ಬಟ್ಟಲಿನಂಥ ಬಿಳಿ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಬದಿಯಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಮೊದಲು ಚಟಪಟ ಒತ್ತಿದೆ. ನಡುವೆ ಒಂದಷ್ಟು ಹೊತ್ತು ಏನೂ ಮಿನುಗಲಿಲ್ಲ. ಬೆಳಕು ಬರಲಿಲ್ಲವೋ, ಬಂದದ್ದು ನನಗೆ ಕಾಣಲಿಲ್ಲವೋ, ತಿಳಿಯುವ ಬಗೆಯೇ ಇಲ್ಲ. ಕತ್ತಲೇನೂ ಇರಲಿಲ್ಲ. ಎಲ್ಲ ಬೆಳ್ಳಗೆ, ಖಾಲಿ. ಹೆದರಿಕೆಯಾಗಿ ಸುಮ್ಮನೆ ಒಮ್ಮೆ ಒತ್ತಿಬಿಟ್ಟೆ.

“ಲೈಟ್ ಕಂಡ್ರ ಅಷ್ಟ ಒತ್ರಿ ಕಾಕಾ,” ಎಂದಳು ಯಂತ್ರದ ಪಕ್ಕದ ಹುಡುಗಿ. “ಸುಳ್ಳ ಒತ್ತಬ್ಯಾಡ್ರಿ.”

“ಈಗ ಒಂದು ಬಂದಿತ್ತೇನವಾ?”

“ಅದನ್ನ ನಾವು ಹೇಳಂಗಿಲ್ರಿ.”

ಈ ಕಾಚಬಿಂದು ಶುರುವಾಗುವುದು ಹೇಗೆ ಎಂದು ನಾನು ಕೇಳಬಹುದಾಗಿದ್ದ ಒಬ್ಬರು ಈಗ ಇಲ್ಲ. ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು, ಚುಕ್ಕೆಯನ್ನು ನೋಡುತ್ತ ಕೂತೆ.