ಮದ್ದು ಒಳಗೇ ಇದೆಯಲ್ಲ

ನಮ್ಮ ಭಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಪ, ಅವರಿಗೆ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ಅವರ ಪರ ವಕಾಲತ್ತು ವಹಿಸುವುದು ಬೇಡ.

ನಾನು ನಂಜನಗೂಡಿನ ಪಕ್ಕ ತಾಂಡ್ಯದಲ್ಲಿ, ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೇನೆ. ವೈರಸ್ಸನ್ನು ಹಿಡಿದು ಕಟ್ಟಿಹಾಕುವ ದೊಡ್ಡ ಪ್ರೋಟೀನುಗಳು ನಮ್ಮ ಮೈಯೊಳಗೇ ಇವೆ. ಅಂಥ ಒಂದರಲ್ಲಿ ಹಿಡಿಯುವ ಭಾಗ ಯಾವುದೆಂದು ಹುಡುಕಿ, ಅದನ್ನೇ ಹೋಲುವ ಚಿಕ್ಕ ತುಂಡನ್ನು, ಅಂದರೆ ಪೆಪ್ಟೈಡನ್ನು ತಯಾರಿಸುವುದು ನಮ್ಮ ತಂಡದ ಕೆಲಸ. ಮಾಡಿದ್ದೇ ಮಾಡಿದ್ದು, ಒಂದೂ ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೊಂದು ಕೈ ಹಿಡಿಯಿತು. ವೈರಸ್ ಹಾಕಿದ ತಟ್ಟೆಯಲ್ಲಿ ಜೀವಕೋಶಗಳು ಸಾಯದೆ ಉಳಿದಿದ್ದವು. ಕುಣಿದಾಡುವಷ್ಟು ಖುಷಿಯಾಯಿತು. ಆ ಭಾನುವಾರ ಮೈಸೂರುಪಾಕು ಕಟ್ಟಿಸಿಕೊಂಡು ಟಿ. ನರಸೀಪುರದ ಅಕ್ಕನ ಮನೆಗೆ ಹೋದೆ.

ಊಟಕ್ಕೆ ಕೂತಾಗ, ಏನು ಕಂಡುಹಿಡಿದೆ ಎಂದು ಭಾವ ಕೇಳಿದರು. ವೈರಸ್ಸನ್ನು ಹಿಡಿಯುವ ಪ್ರೋಟೀನುಗಳು ನಮ್ಮ ಮೈಯೊಳಗೇ ಇವೆ, ನಾವು ಮಾಡಿದ್ದು ಮಾವಿನಕಾಯಿ ಕೀಳುವ ದೋಟಿಯಲ್ಲಿ ಉದ್ದನೆಯ ಕೋಲು ಬಿಟ್ಟು ತುದಿಯ ಕೊಕ್ಕೆಯನ್ನಷ್ಟೇ ಮಾಡಿದ ಹಾಗೆ ಎಂದೆ. ಇನ್ನೂ ತಟ್ಟೆಯಲ್ಲಷ್ಟೇ, ರಕ್ತಕ್ಕೆ ಸೇರಿದರೆ ಬೇಗ ಚೂರುಚೂರಾಗುತ್ತದೆ, ಔಷಧವಾಗಲು ವರ್ಷಗಳೇ ಬೇಕು ಎಂದೂ ಹೇಳಿದೆ. ಅವರ ಕಿವಿಯಲ್ಲಿ ಉಳಿದದ್ದು "ಮೈಯೊಳಗೇ ಇವೆ" ಎಂಬ ಒಂದೇ ಮಾತು.

ಮುಂದಿನ ಬೇಸಿಗೆಯಲ್ಲಿ ಅಕ್ಕನ ಹಣೆಯ ಬಲಗಡೆ ಗುಳ್ಳೆಗಳೆದ್ದವು. ಸರ್ಪಸುತ್ತು. ಹೆಸರಿನಲ್ಲಿ ಹಾವಿದ್ದರೂ ಅದು ಚಿಕನ್‌ಪಾಕ್ಸ್ ತರುವ ವೈರಸ್ಸಿನದೇ ಕಾಟ. ಹಣೆಯಲ್ಲಿ ಎದ್ದರೆ ಕಣ್ಣಿಗೂ ಇಳಿಯಬಹುದು, ಆದರೆ ಗುಳ್ಳೆ ಎದ್ದ ಕೂಡಲೇ ಮಾತ್ರೆ ಶುರುಮಾಡಿದರೆ ಬಹಳಮಟ್ಟಿಗೆ ತಡೆಯಬಹುದು. ಅಕ್ಕ ಬ್ಲೌಸ್ ಹೊಲಿಯುವವಳು, ಅವಳಿಗೆ ಕಣ್ಣೇ ಬದುಕು. ಭಾವ ಡಾಕ್ಟರ ಬಳಿ ಹೋಗಲಿಲ್ಲ, ನನಗೊಂದು ಫೋನೂ ಮಾಡಲಿಲ್ಲ. ಹುಲ್ಲಹಳ್ಳಿ ಕಡೆಯ ಯಾರೋ ನಾಟಿ ಮದ್ದಿನವರ ಹತ್ತಿರ ಅವಳನ್ನು ಕರೆದೊಯ್ದು ಹಣೆಗೆ ಕೆಮ್ಮಣ್ಣು ಬಳಿಸಿಕೊಂಡು ಬಂದರು.

ವಾರದ ಮೇಲೆ ನಾನು ಹೋದಾಗ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ರೆಪ್ಪೆಯ ಮೇಲೂ ಮಣ್ಣು ಒಣಗಿತ್ತು.

"ಡಾಕ್ಟ್ರಿಗೆ ಯಾಕೆ ತೋರಿಸ್ಲಿಲ್ಲ?" ಎಂದೆ.

"ನೀನೇ ಹೇಳಿದ್ಯಲ್ಲಮ್ಮ, ಮದ್ದು ಒಳಗೇ ಇದೆ ಅಂತ," ಎಂದರು ಭಾವ. "ನ್ಯಾಚುರಲ್ಲಾಗೇ ವಾಸಿ ಆಗ್ಲಿ ಅಂತ ಬಿಟ್ವಿ ಕಣಮ್ಮ. ಸುಮ್ನೆ ಕೆಮಿಕಲ್ ಯಾಕೆ?"

ಮೈಯೆಲ್ಲ ಉರಿದುಹೋಯಿತು. ಒಳಗಿರುವುದು ಸಾಲುವುದಿಲ್ಲ ಎಂದೇ ಅಲ್ಲವೇ ನಾನು ವರ್ಷಗಟ್ಟಲೆ ಬೆನ್ನು ಬಗ್ಗಿಸಿರುವುದು? ಈ ನ್ಯಾಚುರಲ್ ಎಂಬ ಪದ ಕೇಳಿದರೆ ಇವತ್ತಿಗೂ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬರುತ್ತದೆ.

"ಸ್ಕೂಲಲ್ಲಿ ಮಕ್ಕಳಿಗೂ ಇದನ್ನೇ ಹೇಳ್ಕೊಡ್ತೀರಾ?" ಎಂದು ಕಿರುಚಿದೆ.

"ದೊಡ್ಡೋರ ಹತ್ರ ಹಂಗೆಲ್ಲ ಮಾತಾಡ್ಬಾರ್ದು," ಎಂದರು.

ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಹೊರಟೆ. ಕಣ್ಣಿನ ಡಾಕ್ಟರು ಔಷಧ ಶುರುಮಾಡಿದರು. ಆದರೆ ಕಣ್ಣಿಗೆ ಆಗಲೇ ಬಿಳಿ ಕಲೆ ಕೂತಾಗಿತ್ತು. ಆ ಕಣ್ಣಿಗೆ ಈಗ ಬೆಳಕು ಕಾಣುತ್ತದೆ, ಸೂಜಿ ಕಾಣುವುದಿಲ್ಲ.

ಭಾವ ಬದಲಾಗಲಿಲ್ಲ. ಮನೆಗೆ ಬಂದವರಿಗೆಲ್ಲ "ನಮ್ಮ ನಾದಿನಿ, ನ್ಯಾಚುರಲ್ ಮದ್ದು ಕಂಡ್ಹಿಡೀತಿದಾಳೆ" ಎಂದು ನನ್ನನ್ನು ತೋರಿಸಿ ಬೀಗುತ್ತಾರೆ. ಹಲ್ಲು ಕಚ್ಚಿಕೊಂಡು ಕೂರುತ್ತೇನೆ.

ಮೊನ್ನೆ ಹೋದಾಗ ಅಕ್ಕ ಸೂಜಿಯನ್ನೂ ದಾರವನ್ನೂ ನನ್ನ ಕೈಗೆ ಕೊಟ್ಟಳು. ಪೋಣಿಸುತ್ತಿದ್ದಾಗ ಕೇಳಿದಳು: "ನಿನ್ ಕೊಕ್ಕೆ ಇನ್ನೂ ಬಂದಿಲ್ವೇನೇ? ಆವಾಗ್ಲೇ ಬಂದಿದ್ರೆ ನನ್ ಕಣ್ಣು ಉಳೀತಿತ್ತೇನೋ."

ಪಕ್ಕದ ಕೋಣೆಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ: "ನಿಂಗೆ ನನ್ ಕೊಕ್ಕೆ ಬೇಕಾಗೇ ಇರ್ಲಿಲ್ಲ ಅಕ್ಕ. ಒಬ್ಬ ಡಾಕ್ಟ್ರು ಚೀಟಿ ಬರೆದಿದ್ರೆ ಸಾಕಾಗಿತ್ತು. ಮಾತ್ರೆ ನಿಮ್ ಬೀದಿ ಮೂಲೆ ಮೆಡಿಕಲ್ಲಲ್ಲೇ ಇತ್ತು."

ಪಕ್ಕದ ಕೋಣೆಯಲ್ಲಿ ಭಾವ ಟಿವಿಯ ಸದ್ದು ಜೋರು ಮಾಡಿದರು.