ಬೆನ್ನುನೋವಿನ ಸರ್ಟಿಫಿಕೇಟು

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನನಗೆ ಕಾಮಾಲೆ ಬಂತು. ಹಾಸನದ ಹಾಸ್ಟೆಲಿನಿಂದ ಹೊಳೆನರಸೀಪುರದ ಮನೆಗೆ ಬಂದಿಳಿದ ನನ್ನ ಹಳದಿ ಕಣ್ಣು ನೋಡಿ, ಅಮ್ಮ ಮಾರನೆಯ ದಿನ ಮೊದಲ ಬಸ್ಸಿಗೇ ರಾಮನಾಥಪುರಕ್ಕೆ ಹೊರಡಿಸಿದಳು. ಅಲ್ಲೊಬ್ಬರು ನಾಟಿ ಔಷಧಿಯ ಅಜ್ಜಿ. ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪಿನ ರಸ ಕುಡಿಸಿ, ಲೆಕ್ಕ ತಪ್ಪದಿರಲೆಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಮೂರು ಗೀಟಿಗೆ ಔಷಧಿ ಮುಗಿಯಿತು. ಉಪ್ಪು, ಎಣ್ಣೆ ಇಲ್ಲದ ಪಥ್ಯ ಮಾತ್ರ ಎರಡು ತಿಂಗಳು ನಡೆಯಿತು. ಆ ಗಂಜಿ ಕುಡಿಯುವಾಗ ಹಾಸ್ಟೆಲಿನ ಸಾರು ಕೂಡ ಕನಸಿನಲ್ಲಿ ಬರುತ್ತಿತ್ತು.

ಕಾಲೇಜಿಗೆ ಮರಳಿದರೆ, ಹಾಜರಾತಿ ಸಾಲದು ಎಂದರು ಪ್ರಿನ್ಸಿಪಾಲರು. ಡಾಕ್ಟರ ಸರ್ಟಿಫಿಕೇಟು ತಂದರೆ ಪರೀಕ್ಷೆ, ಇಲ್ಲದಿದ್ದರೆ ಮುಂದಿನ ವರ್ಷ ಜೂನಿಯರುಗಳ ಜೊತೆ ಕೂರಬೇಕು. ನಾವೋ ಡಾಕ್ಟರ ಮುಖವನ್ನೇ ನೋಡಿರಲಿಲ್ಲ. ತಪ್ಪು ನಮ್ಮದೇ. ಅಜ್ಜಿಗೆ ಬರೆಯಲು ಬಾರದು. ಕೊನೆಗೆ ಅವರ ಗೋಡೆಯ ಫೋಟೊ ತೆಗೆದುಕೊಂಡು ಹೋಗಿ ತೋರಿಸಿದೆ. ಪ್ರಿನ್ಸಿಪಾಲರು ಫೋನನ್ನು ಅಡ್ಡ, ಉದ್ದ ತಿರುಗಿಸಿ, "ಇದ್ರಲ್ಲಿ ನಿನ್ನ ಗೀಟು ಯಾವ್ದಮ್ಮ?" ಎಂದರು. ನನಗೂ ಗೊತ್ತಿರಲಿಲ್ಲ.

ಆಗ ಅರಕಲಗೂಡಿನ ಸೋದರಮಾವ ಉಪಾಯ ತಂದ. ಅವನಿಗೆ ಡಾಕ್ಟರೊಬ್ಬರ ಪರಿಚಯವಿತ್ತು.

"ಕಾಮಾಲೆ ಅಂದ್ರೆ ರಕ್ತದ ರಿಪೋರ್ಟ್ ಕೇಳ್ತಾರೆ. ಬೆನ್ನುನೋವು ಅಂತ ಬರ್ಸಾನ ಕಣಕ್ಕಾ. ಬೆನ್ನೊಳಗೆ ಯಾರು ಇಣುಕ್ ನೋಡ್ತಾರೆ?"

ನಾನು ಆಗಲೇ ಸೊಂಟದ ಮೇಲೆ ಕೈಯಿಟ್ಟು ನಡೆಯುವ ಅಭ್ಯಾಸ ಶುರು ಮಾಡಿದ್ದೆ. ಅಮ್ಮ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಇಲ್ದಿರೋ ಕಾಯ್ಲೆನ ಕಾಗ್ದದ ಮ್ಯಾಲೆ ಕರೀಬಾರ್ದು ಕಣ್ಲಾ. ಕರುದ್ರೆ ಬತ್ತದೆ."

"ಒಂದು ವರ್ಸ ಓಯ್ತದಲ್ಲಕ್ಕಾ."

"ಓಗ್ಲಿ. ಮಗ್ಳು ಉಳುದವ್ಳಲ್ಲ, ಸಾಕು."

ವರ್ಷ ಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೈದು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ಊಟಕ್ಕೆ ಕರೆದರೆ ತಟ್ಟೆ ಕುಕ್ಕಿ ಉತ್ತರ ಕೊಡುತ್ತಿದ್ದೆ. ಮುಂದೆ ಜೂನಿಯರುಗಳು ಅಕ್ಕಾ ಅಕ್ಕಾ ಎಂದು ಬೆಣ್ಣೆ ಹಚ್ಚಿ, ದಿನಕ್ಕೊಂದು ಪಾಠ ನನ್ನಿಂದಲೇ ಹೇಳಿಸಿಕೊಂಡರು. ಹೇಳಿಕೊಟ್ಟೂ ಕೊಟ್ಟೂ ರಸಾಯನಶಾಸ್ತ್ರ ನನಗೆ ನೀರು ಕುಡಿದಷ್ಟು ಸಲೀಸಾಯಿತು. ಒಳ್ಳೆಯ ಅಂಕ ಬಂತು, ಎಂ.ಎಸ್ಸಿ. ಸೀಟೂ ಸಿಕ್ಕಿತು.

ಕಳೆದ ಜೂನಿನಲ್ಲಿ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಉಪನ್ಯಾಸಕಿ ಕೆಲಸಕ್ಕೆ ಸಂದರ್ಶನವಿತ್ತು. ನಡುವೆ ಒಂದು ವರ್ಷ ಏನಾಯಿತೆಂದು ಕೇಳಿದರು. ಒಂದೂ ಮುಚ್ಚಿಡದೆ ಎಲ್ಲ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಸೋಮವಾರದಿಂದಲೇ ಬರಲು ಹೇಳಿದರು.

ಬಸ್‌ಸ್ಟ್ಯಾಂಡಿನಿಂದಲೇ ಅಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವಳು ಮೆಲ್ಲಗೆ ಕೇಳಿದಳು: "ಈಗ್ಲಾದ್ರೂ ನನ್ ಮ್ಯಾಲಿನ್ ಕ್ವಾಪ ಬುಟ್ಯೇನವ್ವ?"

ನನ್ನ ಕೋಪ ಹೋಗಿ ಎಷ್ಟೋ ವರ್ಷವಾಗಿತ್ತು. ಅವಳಿಗೆ ಹೇಳಿಯೇ ಇರಲಿಲ್ಲ.